ಇಳಿ ಅಂದವನು

ಮುಂಡಗೋಡದಲ್ಲಿ ಕಾಲೇಜು ಮಕ್ಕಳಿಗೆ ನಾನು ಕನ್ನಡ ಕಲಿಸುತ್ತೇನೆ. ನಾಟಕದ ಪಾಠ ಮುಗಿದ ಮೇಲೆ ಪ್ರತಿ ವರ್ಷ ಒಂದು ಪ್ರಶ್ನೆಗೆ ಉತ್ತರ ಬರೆಸುವುದು ನನ್ನ ಕರ್ಮ: ದುರಂತ ನಾಯಕನ ಮಹತ್ವಾಕಾಂಕ್ಷೆ ಪಾಪಪ್ರಜ್ಞೆಯಾಗಿ ಬದಲಾಗುವ ಬಗೆಯನ್ನು ವಿವರಿಸಿ. ಐದು ಅಂಕ. ಮಕ್ಕಳು ಗೈಡು ನೋಡಿ ಬರೆಯುತ್ತಾರೆ. ರಾಜ, ಕಿರೀಟ, ಕತ್ತಿ, ರಕ್ತ, ಹುಚ್ಚು, ಸಾವು. ಓದಿ ಓದಿ ನನಗೆ ತಲೆ ಚಿಟ್ಟು ಹಿಡಿದಿದೆ. ದುರಂತ ನಾಯಕ ಅಂದರೆ ಏನು ಅಂತ ನನ್ನನ್ನು ಕೇಳಿ. ನಮ್ಮ ಮನೆಯಲ್ಲೇ ಒಬ್ಬನಿದ್ದಾನೆ. ಅವನಿಗೆ ಹುಚ್ಚು ಹಿಡಿದಿಲ್ಲ, ಅವನು ಸತ್ತೂ ಇಲ್ಲ. ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ದಾಂಡೇಲಿಯಿಂದ ಹಳಿಯಾಳಕ್ಕೆ ಬಂದು, ಇನ್ನೊಬ್ಬರ ಹಿಟ್ಟಿನ ಗಿರಣಿಯಲ್ಲಿ ಜೋಳದ ಡಬ್ಬಿ ಎತ್ತುತ್ತಾನೆ.

ಅವನು ನನ್ನ ಅಣ್ಣ. ಗಿರಣಿ ಅವನ ಗೆಳೆಯನದು. ಆ ಗೆಳೆಯನನ್ನು ಊರೆಲ್ಲ ಗಿರಣಿ ಅಣ್ಣ ಅನ್ನುತ್ತದೆ, ನಾನೂ ಹಾಗೇ ಅನ್ನುತ್ತೇನೆ. ಗಿರಣಿ ಅಣ್ಣನ ಬಲಗೈ ಭುಜದಿಂದ ಮೇಲಕ್ಕೆ ಏಳುವುದಿಲ್ಲ. ಗಿರಣಿಯ ಬಾಯಿ ಇರುವುದು ತಲೆಯ ಎತ್ತರದಲ್ಲಿ. ಅದಕ್ಕೆ ಕಾಳು ಸುರಿಯಲು ಯಾರಾದರೂ ಬೇಕು. ವಾರವೆಲ್ಲ ಅವನ ಮಗಳು ಸುರಿಯುತ್ತಾಳೆ, ಭಾನುವಾರ ನಮ್ಮ ಅಣ್ಣ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು ಮಧ್ಯಾಹ್ನದ ಹೊತ್ತಿಗೆ ಹಿಟ್ಟಿನಲ್ಲಿ ಅದ್ದಿ ತೆಗೆದವನ ಹಾಗೆ ಕಾಣುತ್ತಾನೆ. ಗೋದಿಯ ಡಬ್ಬಿಗೆ ಜೋಳದ ಹಿಟ್ಟು ತುಂಬಿಸಿ ಹೆಂಗಸರ ಬಾಯಲ್ಲಿ ಬೈಸಿಕೊಳ್ಳುತ್ತಾನೆ. ಬೈದಷ್ಟೂ ಅವನಿಗೆ ಹಿತ. ಅದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಇದು ಶುರುವಾದದ್ದು ಇಪ್ಪತ್ತೆರಡು ವರ್ಷದ ಹಿಂದೆ, ನಮ್ಮ ಓಣಿಯ ಗರಡಿ ಮನೆಯಲ್ಲಿ. ಹಳಿಯಾಳದಲ್ಲಿ ಗಂಡು ಹುಟ್ಟಿದರೆ ಮೊದಲು ತೊಡೆ ಮುಟ್ಟಿ ನೋಡುವ ಮಂದಿ ಇದ್ದಾರೆ. ಅಣ್ಣನದೂ ಗಿರಣಿ ಅಣ್ಣನದೂ ಒಂದೇ ವಯಸ್ಸು, ಒಂದೇ ತೂಕ, ಒಬ್ಬರೇ ವಸ್ತಾದರು. ಕುಸ್ತಿ ಕಲಿಸುವ ಗುರುವಿಗೆ ನಮ್ಮ ಕಡೆ ವಸ್ತಾದರು ಅನ್ನುತ್ತೇವೆ. ಎಲ್ಲ ಒಂದೇ ಆದರೂ ಗಿರಣಿ ಅಣ್ಣ ಕೈ ಹಾಕಿದರೆ ಅಣ್ಣ ಮೇಲೆ ನೋಡುತ್ತ ಬಿದ್ದಿರುತ್ತಿದ್ದ. ಹತ್ತು ಸಲ ಹಿಡಿದರೆ ಎಂಟು ಸಲ. ಅಣ್ಣನಿಗೆ ಅದನ್ನು ಅರಗಿಸಿಕೊಳ್ಳಲು ಆಗುತ್ತಿರಲಿಲ್ಲ.

ನಮ್ಮ ಮನೆಯಾದರೂ ಮನೆಯಾಗಿತ್ತೇ? ಎಮ್ಮೆ ಅವನದು, ಬೆಣ್ಣೆ ಅವನದು, ಬದಾಮು ಅವನದು. ನಾನು ರೊಟ್ಟಿಗೆ ತುಪ್ಪ ಕೇಳಿದರೆ ಅವ್ವ, “ಅಂವ ಮೊದಲ ಒಂದು ಮಟ್ಟಕ್ಕ ಬರಲಿ” ಅನ್ನುತ್ತಿದ್ದಳು. ಅವನು ಬೈಠಕ್ ಹೊಡೆಯುವಾಗ ನಾನು ಓದಿನ ಲೆಕ್ಕ ಬಿಟ್ಟು ಅವನ ಬೈಠಕ್ ಎಣಿಸಬೇಕು. ಒಂದು ತಪ್ಪಿದರೆ ಮತ್ತೆ ಮೊದಲಿಂದ. ರಾಜ್ಯಮಟ್ಟದಲ್ಲಿ ಗದೆ ಗೆಲ್ಲಬೇಕು, ಕ್ರೀಡಾ ಕೋಟಾದಲ್ಲಿ ನೌಕರಿ ಹಿಡಿಯಬೇಕು, ಊರವರು ಹೆಗಲ ಮೇಲೆ ಹೊರಬೇಕು. ಮುಂಜಾನೆಯಿಂದ ಸಂಜೆಯವರೆಗೆ ಇದೇ ಜಪ. ಆ ವರ್ಷ ಅವರ ತೂಕದಲ್ಲಿ ನಮ್ಮ ಗರಡಿಯಿಂದ ಒಬ್ಬನನ್ನೇ ಕಳಿಸುವುದೆಂದು ವಸ್ತಾದರು ಹೇಳಿದ್ದರು. ಭಾನುವಾರ ಇಬ್ಬರನ್ನೂ ಹಿಡಿಸುತ್ತೇನೆ, ಗೆದ್ದವನು ಹೋಗಲಿ ಎಂದಿದ್ದರು.

ಗರಡಿ ಮನೆಯ ಒಂದು ಕಟ್ಟಳೆಯನ್ನು ಇಲ್ಲಿ ಹೇಳಲೇಬೇಕು. ಕುಸ್ತಿಯ ಕಣ ಎಂದರೆ ಬರೀ ಕೆಂಪು ಮಣ್ಣಲ್ಲ. ಅದಕ್ಕೆ ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆರಸ ಸುರಿದು ಹದ ಮಾಡಿರುತ್ತಾರೆ. ಆದರೂ ಸಂಜೆ ಇಪ್ಪತ್ತು ಜನ ತುಳಿದರೆ ರಾತ್ರಿ ಕಳೆಯುವಷ್ಟರಲ್ಲಿ ಅದು ನೆಲದ ಹಾಗೆ ಗಟ್ಟಿಯಾಗುತ್ತದೆ. ಆದ್ದರಿಂದ ದಿನವೂ ಮುಂಜಾನೆ ಪಾಳಿ ಇದ್ದವನು ಮೊದಲು ಬಂದು, ಇಡೀ ಕಣವನ್ನು ಗುದ್ದಲಿಯಿಂದ ಮೊಳದಷ್ಟು ಕಡಿದು, ಹೆಂಟೆ ಒಡೆದು, ನೀರು ಚಿಮುಕಿಸಬೇಕು. ಆಮೇಲೆ ಒಂದು ಹಿಡಿ ಮಣ್ಣನ್ನು ಮಾರುತಿಯ ಫೋಟೋದ ಮುಂದೆ ಹಣೆಗೆ ಒತ್ತಿಕೊಂಡು “ಇಳೀರಿ” ಅನ್ನಬೇಕು. ಅವನು ಅನ್ನುವವರೆಗೆ ಯಾರೂ ಕಣಕ್ಕೆ ಕಾಲಿಡುವಂತಿಲ್ಲ. ಅಂದ ಮೇಲೆ ಯಾರೂ ಬಗ್ಗಿ ಮಣ್ಣು ಮುಟ್ಟಿ ನೋಡುವಂತಿಲ್ಲ. ನೋಡಿದರೆ ಪಾಳಿಯವನ ಮೇಲೆ ನಂಬಿಕೆ ಇಲ್ಲ ಎಂದ ಹಾಗೆ.

ಆ ಗುರುವಾರ ಅಣ್ಣನ ಪಾಳಿ. ಕಣ ಕಡಿಯಲು ಒಂದು ತಾಸು ಬೇಕು, ಕಡಿದ ಮೇಲೆ ತೋಳು ಸೋತಿರುತ್ತದೆ. ಭಾನುವಾರಕ್ಕೆ ಮೂರೇ ದಿನ. ವಸ್ತಾದರು ಬರುವ ಮೊದಲೇ ಗೆಳೆಯನ ಮೇಲೆ ಢಾಕ್ ಹೊಡೆದು ನೋಡಬೇಕೆಂದು ಇವನಿಗೆ ತುರಿಕೆ. ಢಾಕ್ ಎಂದರೆ ಎದುರಾಳಿಯನ್ನು ಸೊಂಟದ ಮೇಲೆ ತೆಗೆದುಕೊಂಡು ಎತ್ತಿ ಒಗೆಯುವುದು. ಇವನು ಏನು ಮಾಡಿದ ಗೊತ್ತೇ? ಮೇಲಿನ ಎರಡು ಬೆರಳಷ್ಟು ಮಣ್ಣನ್ನು ಕಾಲಿನಿಂದ ಕೆದರಿದ, ಕಡಿದ ಹಾಗೆ ಕಾಣಲೆಂದು ನೀರು ಚಿಮುಕಿಸಿದ, ಹಣೆಗೆ ಮಣ್ಣು ಒತ್ತಿಕೊಂಡ, ಗೆಳೆಯನಿಗೆ “ಇಳಿ” ಅಂದ. ಗೆಳೆಯ ಇಳಿದ. ಇವನು ಢಾಕ್ ಹೊಡೆದ. ಆ ದಿನ ಅದು ಸರಿಯಾಗಿ ಬಿತ್ತು. ಜನ್ಮದಲ್ಲಿ ಮೊದಲ ಸಲ.

ಅವ್ವ ಬದಾಮು ಅರೆದು ಮಾಡಿಕೊಟ್ಟ ಥಂಡಾಯಿಯ ಡಬ್ಬಿ ಹಿಡಿದು ನಾನು ಬಾಗಿಲಿಗೆ ಬರುವಷ್ಟರಲ್ಲಿ ಗಿರಣಿ ಅಣ್ಣ ಮಗ್ಗುಲಾಗಿ ಬಿದ್ದಿದ್ದ. ಅವನು ಕೂಗಲಿಲ್ಲ, ಹಲ್ಲು ಕಚ್ಚಿದ್ದ. ಭುಜ ಇರಬೇಕಾದ ಜಾಗದಲ್ಲಿ ಇರಲಿಲ್ಲ. ನಾನು ಓಡಿ ಹೋಗಿ ವಸ್ತಾದರನ್ನು ಕರೆದು ತಂದೆ, ಓಣಿಯವರು ಅವನನ್ನು ಎತ್ತಿ ಜೀಪಿನಲ್ಲಿ ಹಾಕಿದರು, ವಸ್ತಾದರೂ ಹತ್ತಿದರು. ಎಲ್ಲರೂ ಹೋದ ಮೇಲೆ ಡಬ್ಬಿ ಮರೆತದ್ದು ನೆನಪಾಗಿ ಒಳಗೆ ಹೋದೆ. ಅಣ್ಣ ಕಣ ಕಡಿಯುತ್ತಿದ್ದ. ಹುಚ್ಚು ಹಿಡಿದವನ ಹಾಗೆ, ಅಳುತ್ತ, ಮೂಗು ಒರೆಸಿಕೊಳ್ಳುತ್ತ. ಗುದ್ದಲಿ ಬಿದ್ದಲ್ಲೆಲ್ಲ ಕಲ್ಲಿಗೆ ಬಿದ್ದ ಸದ್ದು. ನನ್ನನ್ನು ನೋಡಿ ನಿಂತ.

“ಮನಿಗೆ ಹೋಗು,” ಅಂದ. “ಏನೂ ನೋಡಿಲ್ಲ ನೀನು.”

ನನಗೆ ಹದಿನಾಲ್ಕು ವರ್ಷ. ಡಬ್ಬಿ ತೆಗೆದುಕೊಂಡು ಮನೆಗೆ ಹೋದೆ.

ಸಂಜೆ ವಸ್ತಾದರು ಆಸ್ಪತ್ರೆಯಿಂದ ಬಂದು ನೇರ ಕಣಕ್ಕಿಳಿದರು. ಕೈ ಹಾಕಿ ಮೊಳದಷ್ಟು ಆಳದ ಮಣ್ಣು ತೆಗೆದು ಹಿಸುಕಿ ನೋಡಿದರು. ಹೂವಿನಂತೆ ಸಡಿಲವಾಗಿತ್ತು. “ಮಣ್ಣು ಚಲೋನ ಐತಿ,” ಅಂದರು. “ಬೀಳೂವಾಗ ಕೈ ಊರ್ಯಾನ ಹುಡುಗ. ಕೈ ಊರಬ್ಯಾಡ್ರೋ ಅಂತ ಎಷ್ಟು ಸಲ ಬಡಕೊಂಡೇನಿ!” ಅಲ್ಲಿಗೆ ಮುಗಿಯಿತು. ಅಂದಿನಿಂದ ನಮ್ಮ ಗರಡಿಯಲ್ಲಿ ಹೊಸ ಹುಡುಗರಿಗೆ ಮೊದಲ ಪಾಠವೇ ಗಿರಣಿ ಅಣ್ಣ. ಅವನಂಗ ಕೈ ಊರಬ್ಯಾಡ್ರಿ, ಜನ್ಮಪೂರ್ತಿ ಕೂಡ್ತೀರಿ. ಗರಡಿಯಲ್ಲಿ ಅವನ ಮುಂದೆಯೇ ಹೇಳುತ್ತಿದ್ದರು. ಅವನೂ ತಲೆ ಆಡಿಸಿ, “ಹೌದ್ರೋ, ನನ್ನ ತಪ್ಪು, ನೋಡಿ ಕಲೀರಿ” ಅನ್ನುತ್ತಿದ್ದ.

ಅಣ್ಣ ಕುಸ್ತಿಗೆ ಹೋದ, ಗೆದ್ದ, ಗದೆ ತಂದ. ಊರು ಹೆಗಲ ಮೇಲೆ ಹೊತ್ತಿತು. ಗಿರಣಿ ಅಣ್ಣ ಕೊರಳಿಗೆ ಜೋಳಿಗೆ ಕಟ್ಟಿದ ಕೈಯಲ್ಲೇ ಬಂದು, ಎಡಗೈಯಿಂದ ಇವನಿಗೆ ಮಾಲೆ ಹಾಕಿದ. ನೌಕರಿಯೂ ಸಿಕ್ಕಿತು, ಮೊದಲು ಅನಮೋಡದ ನಾಕಾದಲ್ಲಿ, ಅಂದರೆ ಚೆಕ್‌ಪೋಸ್ಟಿನಲ್ಲಿ, ಆಮೇಲೆ ದಾಂಡೇಲಿಯಲ್ಲಿ. ಬೇಕಾದದ್ದೆಲ್ಲ ಸಿಕ್ಕಿತಲ್ಲ, ಇನ್ನಾದರೂ ಈ ಪ್ರಾಣಿ ನೆಟ್ಟಗೆ ಇರುತ್ತದೆ ಅಂದುಕೊಂಡೆ. ಎಲ್ಲಿಯ ನೆಟ್ಟಗೆ! ವರ್ಷ ತುಂಬುವುದರೊಳಗೆ ಕುಸ್ತಿ ಬಿಟ್ಟ. ಗದೆಯನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ. ಯಾಕೆಂದು ಕೇಳಿದ ಅವ್ವನಿಗೆ ಮೈಕೈ ನೋವು ಅಂದ.

ಆಮೇಲೆ ಅವನ ಸೇವೆ ಶುರುವಾಯಿತು. ಅಯ್ಯೋ ದೇವರೇ, ಆ ಸೇವೆಯೇ! ಜೋಯಿಡಾದಿಂದ ಕೊಕಮ್, ಜೇನು, ಹಲಸು. ಯಾವ ಹಳ್ಳಿಯಲ್ಲಿ ಎಲುಬು ಕೂಡಿಸುವವರಿದ್ದರೂ ಗಿರಣಿ ಅಣ್ಣನನ್ನು ಎಳೆದುಕೊಂಡು ಹೋಗುವುದು. ಬಗೆಬಗೆಯ ಎಣ್ಣೆ. “ಲೇ, ನಿನ್ನ ಎಣ್ಣಿ ಹಚ್ಚಿ ಹಚ್ಚಿ ನನ್ನ ಕೈ ಬಜಿ ಆಗೇತಿ, ಸಾಕು ಮಾಡೋ ಮಾರಾಯಾ,” ಅಂತ ಗಿರಣಿ ಅಣ್ಣ ಕೈ ಮುಗಿಯಲು ಹೋಗುತ್ತಿದ್ದ, ಬಲಗೈ ಅರ್ಧಕ್ಕೆ ನಿಲ್ಲುತ್ತಿತ್ತು, ಅದನ್ನು ನೋಡಿ ನಮ್ಮ ಅಣ್ಣ ಇನ್ನೊಂದು ಎಣ್ಣೆ ಹುಡುಕಿಕೊಂಡು ಹೋಗುತ್ತಿದ್ದ. ವೈನಿ, ಅಂದರೆ ಅಣ್ಣನ ಹೆಂಡತಿ, ನನ್ನ ಮುಂದೆ ಅತ್ತೇಬಿಟ್ಟಿದ್ದಳು. “ನಮ್ಮ ಮನ್ಯಾಗ ಒಂದು ನಳ ಸೋರಾಕತ್ತಿ ತಿಂಗಳಾತು. ಅದಕ್ಕ ಪುರುಸೊತ್ತಿಲ್ಲ ಇವರಿಗೆ. ಗಿರಣಿ ಕಸಾ ಹೊಡ್ಯಾಕ ಐತಿ.”

ನಾನು ಬಿಡುವವಳಲ್ಲ. ಪಾಳಾ ಊರಿನ ಶಾಲೆಯಲ್ಲಿ ನನಗೆ ಮೊದಲ ನೌಕರಿ ಆದಾಗಿನಿಂದ, ಸಿಕ್ಕಾಗೆಲ್ಲ ಹೇಳಿದ್ದೇನೆ. “ಅಣ್ಣಾ, ಎಣ್ಣಿ ಬ್ಯಾಡ, ಹಲಸು ಬ್ಯಾಡ. ಬಾಯಿ ಬಿಟ್ಟು ಒಂದು ಮಾತು ಹೇಳು. ನಾ ಅವತ್ತು ಕಣ ಕಡಿದಿರಲಿಲ್ಲ ಅಂತ ಹೇಳು. ಅಷ್ಟ.”

“ಹೇಳ್ತೇನಿ. ಅಂವನ ಮದಿವಿ ಆಗಲಿ.”

ಮದುವೆ ಆಯಿತು. ಮಗಳು ಹುಟ್ಟಲಿ ಅಂದ. ಹುಟ್ಟಿದಳು. ವಸ್ತಾದರಿಗೆ ವಯಸ್ಸಾಗೇತಿ, ಅವರ ಮನಸ್ಸಿಗೆ ನೋವಾಕ್ಕೈತಿ ಅಂದ. ವಸ್ತಾದರು ತೀರಿಕೊಂಡರು. ಈಗ ಹೇಳಿದರ ಸತ್ತವರ ಮಾತು ಸುಳ್ಳು ಮಾಡಿದಂಗಾಕ್ಕೈತಿ ಅಂದ. ಇಂಥವನಿಗೆ ಏನು ಮಾಡುತ್ತೀರಿ? ಇವನ ಪಶ್ಚಾತ್ತಾಪವೂ ಇವನ ಕುಸ್ತಿಯ ಹಾಗೇ. ಅದರಲ್ಲೂ ಇವನದೇ ಎಣಿಕೆ, ಇವನದೇ ಬೆವರು. ಸುತ್ತಲಿನವರು ಡಬ್ಬಿ ಹಿಡಿದು ನಿಂತಿರಬೇಕು, ಅಷ್ಟೇ.

ಹೀಗೇ ನಡೆದಿದ್ದರೆ ನಾನೂ ಬೈದುಕೊಂಡು ಸುಮ್ಮನಿರುತ್ತಿದ್ದೆನೇನೋ. ಈ ವರ್ಷ ಹಾಗಾಗಲಿಲ್ಲ. ಗಿರಣಿ ಅಣ್ಣನ ಮಗಳಿಗೆ ಈಗ ಹದಿಮೂರು. ಹೊತ್ತು ಹುಟ್ಟಿದರೆ ತಲೆಯ ಮೇಲೆ ಡಬ್ಬಿ ಎತ್ತಿ ಎತ್ತಿ ಅವಳ ತೋಳು ಉಕ್ಕಿನಂತಾಗಿದೆ. ಶಾಲೆಯ ದೈಹಿಕ ಶಿಕ್ಷಕಿ ಅದನ್ನು ನೋಡಿ, ಅಪ್ಪನಿಗೆ ಗೊತ್ತಿಲ್ಲದ ಹಾಗೆ ಕುಸ್ತಿ ಕಲಿಸಿ, ಜಿಲ್ಲೆಗೆ ಕರೆದುಕೊಂಡು ಹೋಗಿಬಿಟ್ಟಿದ್ದರು. ಹುಡುಗಿ ಗೆದ್ದಳು. ಹೆಣ್ಣುಮಕ್ಕಳ ಕುಸ್ತಿಯ ವಸತಿ ಶಾಲೆಗೆ ಆಯ್ಕೆಯಾದಳು. ಫಾರ್ಮಿಗೆ ಅಪ್ಪನ ಸಹಿ ಬೇಕು. ಸೋಮವಾರ ಕೊನೆಯ ದಿನ. ಅಪ್ಪ ಸಹಿ ಮಾಡುವುದಿಲ್ಲ ಅಂತ ಕೂತ.

ಶನಿವಾರ ಅವಳು ನನಗೆ ಫೋನ್ ಮಾಡಿದಳು. “ಅತ್ತೀ, ನೀವರ ಹೇಳ್ರಿ ಅಪ್ಪಗ. ನಮ್ಮ ರಕ್ತದಾಗ ಕೈ ಊರೂ ಚಟ ಐತಿ, ನೀನೂ ನನ್ನಂಗ ಆಗ್ತಿ ಅಂತಾನ. ನಾ ಒಂದ್ಸಲನೂ ಕೈ ಊರಿಲ್ರಿ ಅತ್ತೀ. ವಿಡಿಯೋ ತೋರಿಸಿದ್ರೂ ನೋಡವಲ್ಲ.” ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಮರುದಿನ ಎರಡು ಬಸ್ ಬದಲಿಸಿ ಹಳಿಯಾಳಕ್ಕೆ ಬಂದೆ. ದಾರಿಯುದ್ದಕ್ಕೂ ಅಣ್ಣನನ್ನು ಮನಸ್ಸಿನಲ್ಲೇ ಬೈದೆ. ಗಿರಣಿಯ ಮುಂದೆ ನಾಲ್ಕೈದು ಹೆಂಗಸರು ಡಬ್ಬಿ ಇಟ್ಟುಕೊಂಡು ಕೂತಿದ್ದರು. ಒಳಗೆ ಗಿರಣಿಯ ಬೆಲ್ಟಿನ ಪಟ್ಟಾ ತಿರುಗುತ್ತಿತ್ತು, ಅಣ್ಣ ಹುಬ್ಬಿನವರೆಗೆ ಹಿಟ್ಟಾಗಿ ನಿಂತಿದ್ದ. ತೋಳು ಹಿಡಿದು ಹಿಂದಿನ ಅಂಗಳಕ್ಕೆ ಎಳೆದುಕೊಂಡು ಹೋದೆ.

“ಫಾರ್ಮಿನ ಸುದ್ದಿ ಗೊತ್ತೈತಿ ಅಲ್ಲ?”

“ಗೊತ್ತೈತಿ,” ಅಂದ. “ನಾನೂ ಭಾಳ ಹೇಳಿದೆ ಅವಗ, ಸಹಿ ಮಾಡೋ ಅಂತ. ಬೇಕಾದ್ರ ಹುಡುಗಿ ಖುರಾಕಿನ ಜವಾಬ್ದಾರಿ ನಂದು ಅಂದೆ.”

“ಖುರಾಕು!” ಅಂದೆ. ನನ್ನ ದನಿ ಏರಿತು. “ಬದಾಮು ತಂದು ಕೊಡ್ತಿ ಹೌದಲ್ಲೋ? ಬೆಣ್ಣಿ ತಂದು ಕೊಡ್ತಿ. ಆ ಒಂದು ಮಾತು ಬಿಟ್ಟು ಎಲ್ಲಾ ತರ್ತಿ ನೀ. ಅಂವ ಯಾಕ ಹೆದರ್ಯಾನ ಗೊತ್ತೈತಿಲ್ಲೋ? ತಾನಽ ತಪ್ಪು ಬಿದ್ದೇನಿ ಅಂತ ಹೆದರ್ಯಾನ. ಅಂವ ತಪ್ಪು ಬಿದ್ದಿಲ್ಲ ಅನ್ನೂದು ನಿನಗೊಬ್ಬನಿಗೇ ಗೊತ್ತು. ಇವತ್ತು ನೀ ಹೇಳ್ತಿಯೋ, ನಾ ಹೇಳಲೋ?”

ಅವನು ನೆಲ ನೋಡುತ್ತ ನಿಂತ. ನಲವತ್ತೆರಡು ವರ್ಷದ ಗಂಡಸು, ಒಂದು ಕಾಲದಲ್ಲಿ ಗದೆ ಗೆದ್ದವನು. “ಅಂವ ನನ್ನ ಜೋಡಿ ಮಾತಾಡೂದು ಬಿಡ್ತಾನ,” ಅಂದ.

“ಬಿಡಲಿ.”

“ನನಗ ಇನ್ಯಾರೂ ಗೆಳ್ಯಾರಿಲ್ಲವಾ ತಂಗೀ.”

ಒಂದು ಕ್ಷಣ ನನಗೂ ಅಯ್ಯೋ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಒಳಗಿನಿಂದ ಹುಡುಗಿ ಡಬ್ಬಿ ಬಡಿದು ಹಿಟ್ಟು ಉದುರಿಸುವ ಸದ್ದು ಬರುತ್ತಿತ್ತು. ಅವನನ್ನು ಒಳಗೆ ನೂಕಿದೆ.

ಅವನು ಹೋಗಿ ಗಿರಣಿಯ ಪಕ್ಕ ನಿಂತು ಏನೋ ಅಂದ. ಪಟ್ಟಾದ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಇಪ್ಪತ್ತೆರಡು ವರ್ಷ ಕಾದವನಿಗೆ ಗಿರಣಿ ಬಂದ್ ಮಾಡಿ ಮಾತಾಡಬೇಕೆನ್ನುವ ಬುದ್ಧಿ ಇಲ್ಲ! ಕೊನೆಗೆ ಗಿರಣಿ ಅಣ್ಣನೇ ಎಡಗೈಯಿಂದ ಸ್ವಿಚ್ ಆರಿಸಿದ. ಪಟ್ಟಾ ಎಳೆದುಕೊಂಡು ಎಳೆದುಕೊಂಡು ನಿಂತಿತು. ಹೊರಗೆ ಕೂತ ಹೆಂಗಸರೂ ಇತ್ತ ತಿರುಗಿದರು.

“ಏನಂದಿ?”

“ಆ ಗುರುವಾರ ನಾ ಕಣ ಕಡಿದಿರಲಿಲ್ಲ,” ಅಂದ ಅಣ್ಣ. “ಮ್ಯಾಲ ಕೆದರಿ ನೀರು ಚಿಮುಕಿಸಿದ್ದೆ. ನಿನ್ನ ಜೀಪಿನ್ಯಾಗ ಒಯ್ದ ಮ್ಯಾಲ ಕಡಿದೆ. ನೀ ಕೈ ಊರಿಲ್ಲ. ನೆಲಾ ಗಟ್ಟಿ ಇತ್ತು.”

ಗಿರಣಿ ಅಣ್ಣ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಅದನ್ನೇ ನೋಡಿದ.

“ಕಾಲಿಗೆ ಗಟ್ಟಿ ಹತ್ತಿತ್ತು ಲೇ,” ಅಂದ. “ಇಳಿದ ಕೂಡ್ಲೇ ಹತ್ತಿತ್ತು. ಆದರ ನೀ ಇಳಿ ಅಂದಿದ್ದಿ.”

ಅಣ್ಣ ಅಳತೊಡಗಿದ.

“ಕೈ ಊರಿದ್ದು ನನಗ ನೆನಪಽ ಇರಲಿಲ್ಲ. ಎಲ್ಲಾರೂ ಅಂದ್ರು, ಹೌದಾಗಿರಬೇಕು ಅಂದ್ಕೊಂಡೆ. ಇಷ್ಟು ವರ್ಷ ಈ ಕೈಗೆ ನಾನಽ ಬೈಕೊಂತ ಬಂದೇನಲ್ಲೋ. ಕಟ್ಟಿ ಇಳ್ಯಾಕ ಹೆದರ್ತೇನಿ ನಾ. ಮಗಳು ಸೈಕಲ್ ಹತ್ತಿದರ ಕಣ್ಣು ಮುಚ್ಚಿಕೋತೇನಿ.” ಅವನ ದನಿ ಏರಲೇ ಇಲ್ಲ. “ಕೈ ಮುರದದ್ದು ಹೋಗಲಿ. ಕುಸ್ತ್ಯಾಗ ಮುರೀತಾವ. ಇದನ್ನ ಹೆಂಗ ಮಾಡಿದಿ ನೀ? ವಾರಾ ವಾರಾ ಬಂದು ನನ್ನ ಮಾರಿ ನೋಡಿದೆಲ್ಲೋ.”

ಆಮೇಲೆ ಮಗಳನ್ನು ಕರೆದು ಫಾರ್ಮ್ ತಾ ಅಂದ. ಅವಳು ಓಡಿ ಹೋಗಿ ತಂದಳು. ಡಬ್ಬಿಯ ಮುಚ್ಚಳದ ಮೇಲೆ ಇಟ್ಟು, ಬಗ್ಗಿ, ಸಹಿ ಮಾಡಿದ. ಕಾಗದದ ಮೇಲೆ ಹಿಟ್ಟಿನ ಬೆರಳು ಮೂಡಿತು. ಹುಡುಗಿ ಅದನ್ನು ಊದಿ ಊದಿ ತೆಗೆದಳು. ಅಣ್ಣ ಅಭ್ಯಾಸಬಲದಿಂದ ಮುಂದಿನ ಡಬ್ಬಿಗೆ ಕೈ ಹಾಕಿದ್ದ.

“ಅದನ್ನ ಅಲ್ಲೇ ಇಡು,” ಅಂದ ಗಿರಣಿ ಅಣ್ಣ. “ಇನ್ನ ಬರಬ್ಯಾಡ.”

ಅಣ್ಣ ಡಬ್ಬಿ ಇಟ್ಟ. ಅಂಗಿಯ ಹಿಟ್ಟನ್ನೂ ಕೊಡವಿಕೊಳ್ಳದೆ ಬಸ್ ಸ್ಟ್ಯಾಂಡಿನ ದಾರಿ ಹಿಡಿದು ಹೋದ. ನಾನೂ ಅವನ ಹಿಂದೆ ಹೋಗಬೇಕಿತ್ತು. ಆದರೆ ಗಿರಣಿ ಅಣ್ಣ ನನ್ನ ಕಡೆ ತಿರುಗಿದ್ದ.

“ತಂಗೀ, ನಿನಗ ಗೊತ್ತಿತ್ತೇನು?”

ಕೇಳಿದ್ದು ಅಷ್ಟೇ. ಸಿಟ್ಟಿನಿಂದಲ್ಲ, ಸಂಶಯದಿಂದಲೂ ಅಲ್ಲ. ಪಕ್ಕದಲ್ಲಿ ಹುಡುಗಿ ಫಾರ್ಮ್ ಎದೆಗೆ ಒತ್ತಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. ಥಂಡಾಯಿಯ ಡಬ್ಬಿ ಹಿಡಿದು ಗರಡಿಯ ಬಾಗಿಲಲ್ಲಿ ನಿಂತಾಗ ನಾನೂ ಅಷ್ಟೇ ಎತ್ತರವಿದ್ದೆ. ಬಾಯಿ ಬಿಟ್ಟು ಒಂದು ಮಾತು ಹೇಳು ಅಂತ ಒಬ್ಬನನ್ನು ಇಷ್ಟು ವರ್ಷ ಹುರಿದು ತಿಂದವಳು ನಾನು.

“ಇಲ್ಲಣ್ಣಾ,” ಅಂದೆ. “ನನಗ ಹೆಂಗ ಗೊತ್ತಿರ್ತೈತಿ?”

ಅವನು ತಲೆ ಆಡಿಸಿದ. “ಹೌದು ಬಿಡು. ನೀ ಆಗ ಸಣ್ಣಾಕಿ. ನಿನ್ನ ಮುಂದೂ ಹೇಳಿಲ್ಲಲ್ಲ ಅಂವ, ಪಾಪ, ನಿನಗೂ ಮೋಸ ಮಾಡ್ಯಾನ,” ಅಂದ. ಮಗಳಿಗೆ, “ಅತ್ತಿ ಮುಂಡಗೋಡದಿಂದ ಬಂದಾಳ, ಚಾ ಮಾಡವಾ” ಅಂದ. ಗಿರಣಿ ಮತ್ತೆ ಶುರುವಾಯಿತು. ಹುಡುಗಿ ಚಹಾ ತಂದು ನನ್ನ ಕೈಗೆ ಕೊಟ್ಟಳು. ನಾನು ಕುಡಿದೆ.